ಸಹಾಯ ಬೇಕು: ಅಮ್ಮನ ಕಾರ್ ಡಿಎಲ್ ಟೆಸ್ಟ್, ಮೈಸೂರಿನಲ್ಲಿ ಎಲ್ಲಿ ಪ್ರಾಕ್ಟೀಸ್ ಮಾಡಿಸಲಿ?

ನಮಸ್ಕಾರ. ಅಮ್ಮನಿಗೆ ಎಲ್‌ಎಲ್ (ಲರ್ನರ್ ಲೈಸೆನ್ಸ್) ಸಿಕ್ಕಿ 30 ದಿನ ದಾಟಿದೆ, ಇನ್ನು ಟೆಸ್ಟ್‌ಗೆ ಸ್ಲಾಟ್ ಬುಕ್ ಮಾಡಬಹುದು. ಎಲ್‌ಎಲ್ ಇರುವುದು 6 ತಿಂಗಳು ಮಾತ್ರ ಅಲ್ವಾ, ಜಾಸ್ತಿ ತಡ ಮಾಡುವ ಹಾಗಿಲ್ಲ.

ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸುತ್ತಾರೆ. ಕಷ್ಟ ಇರುವುದು ರಿವರ್ಸ್ ತಿರುವಿನಲ್ಲಿ, ಅದಕ್ಕಿಂತ ಜಾಸ್ತಿ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದರಲ್ಲಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಕ್ಲಚ್ ನಿಧಾನವಾಗಿ ಬಿಟ್ಟು, ಗಾಡಿ ಮುಂದಕ್ಕೆ ಜಗ್ಗಿದಾಗ ಬ್ರೇಕ್ ಇಳಿಸಿ ಅಂದರೆ, "ನೀನು ಸುಮ್ನೆ ಕೂತ್ಕೋ" ಅನ್ನುತ್ತಾರೆ!

ಚಾಮುಂಡಿ ಬೆಟ್ಟದ ರಸ್ತೆಗೆ ಎಲ್ ಬೋರ್ಡ್ ಹಾಕಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ, ಬಸ್ಸುಗಳ ಓಡಾಟ. ಕುವೆಂಪುನಗರದ ಕಡೆ ಬೆಳಗ್ಗೆ ಖಾಲಿ ಇರುವ ಸಣ್ಣ ಏರು ಯಾವುದಾದರೂ ಇದೆಯಾ? ತಾಳ್ಮೆಯಿಂದ ಹೇಳಿಕೊಡುವ ಮಹಿಳಾ ಟ್ರೈನರ್ ಗೊತ್ತಿದ್ದರೂ ತಿಳಿಸಿ. ಟೆಸ್ಟ್‌ಗೆ ಸ್ವಂತ ಕಾರು ತೆಗೆದುಕೊಂಡು ಹೋದವರು ಇದ್ದೀರಾ? ಗಾಡಿಯ ಕಾಗದ ಏನೇನು ಕೇಳಿದರು?