ಪದಚರ್ಚೆ: ಕಸದ ಗುಡ್ಡದ ನಾತಕ್ಕೂ ಅದರ ಮೇಲೆ ಹಾಕುವ ಮಣ್ಣಿಗೂ ಏನೆನ್ನೋಣ?

ಗೆಳೆಯರೇ,

ಕಸ ಸುರಿಯುವ ಜಾಗಗಳ ಅಕ್ಕಪಕ್ಕದ ಊರಿನವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಕಡೆ ಸರಿಯಾದ ಪದ ಸಿಗದೆ ನಿಂತುಬಿಟ್ಟಿದ್ದೇನೆ.

ಮೊದಲನೆಯದು ವಾಸನೆ. ಸರ್ಕಾರಿ ಕಾಗದದಲ್ಲಿ ಎಲ್ಲಕ್ಕೂ ‘ದುರ್ವಾಸನೆ’ ಒಂದೇ. ಆದರೆ ಕಸ ಒಂದೇ ಥರ ನಾರುವುದಿಲ್ಲ. ಹಸಿ ಕಸ ಗಾಳಿಯಾಡದೆ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಕೊಳೆತ ಮೊಟ್ಟೆಯ ನಾತ. ಅಮೋನಿಯಾ ಆದರೆ ಕಣ್ಣು ಮೂಗು ಉರಿಯುತ್ತದೆ, ಅದಕ್ಕೆ ‘ಘಾಟು’ ಸರಿ ಅಲ್ವಾ? ಕಸದ ಲಾರಿಯಿಂದ ಸೋರುವ ನೀರಿನದು ಹುಳಿ ಹುಳಿ ನಾತ. ಇದಕ್ಕೆ ಮೊದಲು ‘ಕಮಟು’ ಎಂದು ಬರೆದಿದ್ದೆ. ಆದರೆ ಕಮಟು ಎನ್ನುವುದು ಹಳೇ ಎಣ್ಣೆಗೆ, ಹಳೇ ಕೊಬ್ಬರಿಗೆ. ಅದಕ್ಕೇ ಹೊಡೆದುಹಾಕಿದೆ. ಮೀಥೇನ್‌ಗಂತೂ ವಾಸನೆಯೇ ಇಲ್ಲ.

ಸುಮ್ನೆ ಪದದ ಹಟವಲ್ಲ ಇದು. ಮಂಡೂರಿನಂಥ ಊರುಗಳ ಜನ ವರ್ಷಗಟ್ಟಲೆ ಈ ನಾತ ಕುಡಿದಿದ್ದಾರೆ. ಬೆಂಗಳೂರಿನ ಕಸ ಅಲ್ಲಿಗೆ ಹೋಗುವುದು ನಿಂತದ್ದು 2014ರ ಕೊನೆಗೆ, ಅವರು ಬೀದಿಗಿಳಿದ ಮೇಲೆ. ದೂರಿನಲ್ಲಿ ‘ದುರ್ವಾಸನೆ ಬರುತ್ತಿದೆ’ ಎಂದರೆ ಏನೂ ತಿಳಿಯದು. ‘ಕೊಳೆತ ಮೊಟ್ಟೆಯ ನಾತ’ ಎಂದರೆ ಗುಡ್ಡದೊಳಗೆ ಗಾಳಿಯಾಡುತ್ತಿಲ್ಲ ಎಂಬುದೂ ಗೊತ್ತಾಗುತ್ತದೆ.

(‘ನಾರು’ ಪದದ ನೆಂಟ, ತಮಿಳಿನ ‘ನಾಟ್ರಂ’, ಹಿಂದೆ ಪರಿಮಳಕ್ಕೂ ಸಲ್ಲುತ್ತಿತ್ತು. ಈಗ ಅಲ್ಲೂ ಬರೀ ಕೆಟ್ಟ ವಾಸನೆ.)

ಇನ್ನೊಂದು, ನಾತ ತಡೆಯುವ ಕೆಲಸದ ಹೆಸರು. ದಿನದ ಕಸದ ಮೇಲೆ ಅಂದೇ ಕನಿಷ್ಠ 10 ಸೆಂ.ಮೀ. ಮಣ್ಣೋ ಕಟ್ಟಡದ ಪುಡಿಯೋ ಹಾಕಬೇಕು, ಮಳೆಗಾಲಕ್ಕೆ ಮುಂಚೆ 40ರಿಂದ 65 ಸೆಂ.ಮೀ. ಮಣ್ಣು ಬೀಳಬೇಕು ಎಂದಿದ್ದವು 2016ರ ಘನತ್ಯಾಜ್ಯ ನಿಯಮಗಳು. ‘ದೈನಂದಿನ ಹೊದಿಕೆ’ ಎಂದರೆ ಹಳ್ಳಿಯ ಕಿವಿಗೆ ಕಂಬಳಿಯೇ ನೆನಪಾಗುತ್ತದೆ. ‘ಮಣ್ಣು ಮಾಡುವುದು’ ಹೆಣಕ್ಕೆ ಆಡುವ ಮಾತು. ‘ಮುಚ್ಚಿಹಾಕುವುದು’ ಎಂದರೆ ಹಗರಣ! ನಮ್ಮವ್ವ ತಿಪ್ಪೆಗೆ ಸಗಣಿ ಸುರಿದ ಮೇಲೆ ಒಲೆಯ ಬೂದಿ ಚೆಲ್ಲಿ, ಗುದ್ದಲಿಯಲ್ಲಿ ಮಣ್ಣೆಳೆಯುತ್ತಿದ್ದಳು. ಆ ತಿಪ್ಪೆ ಇಷ್ಟು ಜಾಸ್ತಿ ನಾರುತ್ತಲೂ ಇರಲಿಲ್ಲ. ಅದರಿಂದಲೇ ‘ದಿನದ ಮಣ್ಣೆಳೆತ’ ಎಂದು ಬರೆಯಲೇ?

ನಿಮ್ಮ ಕಡೆ ತಿಪ್ಪೆಯ ಮೇಲೆ ಮಣ್ಣು ಹಾಕುವುದಕ್ಕೆ ಏನಂತಾರೆ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಬರೆಯಿರಿ.