ಹಾವು ಕಡಿತದ ಬಗ್ಗೆ ಬರುವ ಸಂದೇಶಗಳನ್ನು ನಂಬಬಹುದೇ? ವೈದ್ಯರೊಂದಿಗೆ ಪ್ರಶ್ನೋತ್ತರ

ತೀರ್ಥಹಳ್ಳಿಯ ಸದಸ್ಯರು: ‘ನಾಜಾ 200’ ಎಂಬ ಹೋಮಿಯೋಪತಿ ಹನಿಯನ್ನು ನಾಲಿಗೆಗೆ ಹಾಕಿದರೆ ಎಂಥ ಹಾವಿನ ವಿಷವೂ ಇಳಿಯುತ್ತದೆ ಎಂಬ ಸಂದೇಶ ನಮ್ಮ ಕುಟುಂಬದ ಗುಂಪಿಗೆ ಬಂದಿದೆ. ಇದು ನಿಜವೇ?

ವೈದ್ಯರು: ಸುಳ್ಳು. ಅದರಲ್ಲಿ ತಾರೀಕಿಲ್ಲ, ಬರೆದವರ ಹೆಸರಿಲ್ಲ, ರೋಗಿ ಸತ್ತರೆ ಉತ್ತರ ಹೇಳಬೇಕಾದವರೂ ಇಲ್ಲ. ‘ಎಂಥ ಹಾವಿಗೂ’ ಎಂಬ ಮಾತೇ ಸಂದೇಹ ಹುಟ್ಟಿಸಬೇಕಿತ್ತು. ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೇ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಾದದ್ದು.

ಸಾಗರದ ಸದಸ್ಯರು: ವಿಷ ಹೀರುತ್ತದೆಂದು ಕಡಿದ ಜಾಗಕ್ಕೆ ಅಂಟಿಸುವ ವಿಷಕಲ್ಲಿನ ಬಗ್ಗೆ ತಮ್ಮ ಅಭಿಪ್ರಾಯವೇನು?

ಹೊಸನಗರದ ಸದಸ್ಯರು: ನೆಲದ ಮೇಲೆ ಮಲಗಿದ್ದ ತಂದೆಯವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದರು. ಕಿವಿಯ ಹಿಂದೆ ಸಣ್ಣ ಗುರುತಿದೆ, ಬಾವು ಇಲ್ಲ. ‘ಬಾವಿಲ್ಲದಿದ್ದರೆ ವಿಷವಿಲ್ಲ’ ಎಂಬ ಸಂದೇಶವನ್ನು ನಂಬಿ ಕಾಯುತ್ತಿದ್ದೇವೆ.

ವೈದ್ಯರು: ಕಾಯಬೇಡಿ, ಈ ಕ್ಷಣವೇ ಆಸ್ಪತ್ರೆಗೆ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿ. ಕಟ್ಟುಹಾವು ರಾತ್ರಿ ಹೊತ್ತು ಮನೆಯೊಳಗೆ ಬಂದು, ನೆಲದ ಮೇಲೆ ಮಲಗಿದವರನ್ನು, ಅವರಿಗೆ ಎಚ್ಚರವೂ ಆಗದಂತೆ ಕಚ್ಚಬಲ್ಲದು. ಕಚ್ಚಿದ ಜಾಗದಲ್ಲಿ ನೋವು, ಬಾವು ಇಲ್ಲದಿರುವುದೇ ಅದರ ಲಕ್ಷಣ. ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು. ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲೂ ಇಂಥವರ ರಕ್ತ ಮಾಮೂಲಿನಂತೆ ಹೆಪ್ಪುಗಟ್ಟುತ್ತದೆ; ಅದನ್ನು ನೋಡಿ ವಿಷವಿಲ್ಲ ಎನ್ನುವಂತಿಲ್ಲ. ನಿಮಗೆ ಬಂದ ಸಂದೇಶವನ್ನು ಬರೆದವರು ಕೊಳಕುಮಂಡಲದ ಕಡಿತವನ್ನು ನೋಡಿರಬೇಕು; ಒಂದು ಹಾವಿಗೆ ಹೊಂದುವ ಮಾತನ್ನು ಎಲ್ಲ ಹಾವಿಗೂ ಎಳೆದಿದ್ದಾರೆ. ಹಸಿ ಸುಳ್ಳಿಗಿಂತ ಇಂಥ ಅರೆಸತ್ಯಕ್ಕೇ ನಾನು ಹೆಚ್ಚು ಹೆದರುತ್ತೇನೆ.

ಶೃಂಗೇರಿಯ ಸದಸ್ಯರು: ನಮ್ಮೂರಿನ ಪಂಡಿತರು ಬೇರು ಅರೆದು ಕೊಟ್ಟು ಎಷ್ಟೋ ಜನರನ್ನು ಉಳಿಸಿದ್ದಾರೆ. ಅದೂ ಸುಳ್ಳೇ?

ಕೊಪ್ಪದ ಸದಸ್ಯರು: ಉಳಿಯದವರ ಲೆಕ್ಕವನ್ನು ಅವರು ಇಟ್ಟಿದ್ದಾರೆಯೇ?

ಶೃಂಗೇರಿಯ ಸದಸ್ಯರು: ನಾಲ್ಕು ಅಕ್ಷರ ಕಲಿತೊಡನೆ ಹಿರಿಯರನ್ನು ಹೀಗಳೆಯುವುದು ತಮಗೆ ಶೋಭಿಸುವುದಿಲ್ಲ.

ಕೊಪ್ಪದ ಸದಸ್ಯರು: ಕೇಳಿದ್ದು ಲೆಕ್ಕವನ್ನು. ಅದನ್ನು ಹೇಳಿ.

ವೈದ್ಯರು: ಇಬ್ಬರೂ ನಿಲ್ಲಿಸಿ. ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಅಂಥವರಿಗೆ ಮಜ್ಜಿಗೆ ಕುಡಿಸಿದರೂ ಬದುಕುತ್ತಾರೆ, ಕೀರ್ತಿ ಮಜ್ಜಿಗೆಗೆ ಸಲ್ಲುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಆ ಪಟ್ಟಿಯಲ್ಲಿ ಸತ್ತವರೂ ಇರುತ್ತಾರೆ. ಪಂಡಿತರ ಪಟ್ಟಿಯಲ್ಲಿ ಬದುಕಿದವರು ಮಾತ್ರ.

ಭದ್ರಾವತಿಯ ಸದಸ್ಯರು: ನಾಜಾ 200 ಮನೆಯಲ್ಲಿಟ್ಟುಕೊಳ್ಳಬಹುದೇ?

ವೈದ್ಯರು: ಮೇಲೆ ಓದಿ.

ಸಾಗರದ ಸದಸ್ಯರು: ವಿಷಕಲ್ಲಿನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಶಿಕಾರಿಪುರದ ಸದಸ್ಯರು: ಈ ವಿಡಿಯೊದಲ್ಲಿ ಬ್ಲೇಡಿನಿಂದ ಗೀರಿ ರಕ್ತ ಹೀರುತ್ತಾರೆ. ಇದಕ್ಕೆ ಎರಡು ಲಕ್ಷ ಮೆಚ್ಚುಗೆಗಳಿವೆ.

ವೈದ್ಯರು: ಗೀರಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಮೆಚ್ಚುಗೆ ಒತ್ತಿದವರಲ್ಲಿ ಒಬ್ಬರೂ ರೋಗಿಯ ಪಕ್ಕದಲ್ಲಿರಲಿಲ್ಲ. ಇನ್ನು ಮುಂದೆ ವಿಡಿಯೊ ಕಳುಹಿಸಿದವರಿಗೆ ನಾನು ಉತ್ತರಿಸುವುದಿಲ್ಲ. ಹೊಸನಗರದವರು ತಲುಪಿದರೇ?

ಹೊಸನಗರದ ಸದಸ್ಯರು: ತಲುಪಿದೆವು. ರೆಪ್ಪೆ ಜೋಲುತ್ತಿದೆ. ಪ್ರತಿವಿಷ ಆರಂಭಿಸಿದ್ದಾರೆ, ಶಿವಮೊಗ್ಗಕ್ಕೆ ಕಳುಹಿಸಬೇಕೆನ್ನುತ್ತಿದ್ದಾರೆ.

ವೈದ್ಯರು: ಒಪ್ಪಿಕೊಳ್ಳಿ, ವೆಂಟಿಲೇಟರ್ ಬೇಕಾಗಬಹುದು. ಬಾಯಿಗೆ ನೀರು ಹಾಕಬೇಡಿ. ಉಸಿರಾಟದ ನೆರವು ಕೊಡಬಲ್ಲ ಸಿಬ್ಬಂದಿ ಆಂಬುಲೆನ್ಸ್‌ನಲ್ಲಿ ಇರಲೇಬೇಕೆಂದು ಕೇಳಿ.