ಸ್ಲಿಂಗ್ ಮಾಡೆಲ್: ರಾಶಿ, ಬೆಟ್ಟೆ ಬರುತ್ತೆ, ಸರಕು, ಗೊರಬಲು ಮಾತ್ರ ನಲ್

ಪ್ರಶ್ನೆ (ಸಾಗರ): ಶಿವಮೊಗ್ಗದ ಅಡಿಕೆ ಧಾರಣೆ ತೋರಿಸುವ ಪುಟ, ಅಪಾಚೆ ಸ್ಲಿಂಗ್ (ಜಾವಾ ವೆಬ್ ಫ್ರೇಮ್‌ವರ್ಕ್) ಮೇಲೆ. ಧಾರಣೆ ಅನ್ನೋ ನೋಡ್ (ಡೇಟಾ ಇಡೋ ಜಾಗ) ಕೆಳಗೆ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ನಾಲ್ಕು ಬಗೆಗೆ ನಾಲ್ಕು ಚೈಲ್ಡ್ ನೋಡ್. ಪ್ರತಿಯೊಂದರಲ್ಲೂ ಹೆಸರು, ಕನಿಷ್ಠ, ಗರಿಷ್ಠ (ಕ್ವಿಂಟಲ್‌ಗೆ ರೂಪಾಯಿ). ಸರ್ವ್‌ಲೆಟ್‌ನಲ್ಲಿ ಒಂದೊಂದೇ ರಿಸೋರ್ಸ್ (ನೋಡ್) ತಗೊಂಡು ಅಡಾಪ್ಟ್‌ಟು ಮಾಡಿದ್ರೆ (ಅಂದ್ರೆ ಸ್ಲಿಂಗ್ ಮಾಡೆಲ್ ಅನ್ನೋ ಜಾವಾ ಕ್ಲಾಸ್‌ಗೆ ತುಂಬಿದ್ರೆ) ಮೊದಲ ಎರಡು ಬರುತ್ತೆ, ಉಳಿದೆರಡು ನಲ್ (ಏನೂ ಇಲ್ಲ). ಮೂರೂ ಫೀಲ್ಡ್‌ಗೆ @ವ್ಯಾಲ್ಯೂಮ್ಯಾಪ್‌ವ್ಯಾಲ್ಯೂ (ನೋಡ್‌ನ ಡೇಟಾ ಫೀಲ್ಡ್‌ಗೆ ತುಂಬೋ ಗುರುತು) ಇದೆ, ದರ ಎರಡೂ ಲಾಂಗ್ (ಪೂರ್ಣಾಂಕ). ಬಂಡಲ್ (ಕೋಡ್ ಕಟ್ಟಿದ ಪ್ಯಾಕೇಜ್) ಆಕ್ಟಿವ್ ಅಂತಲೇ ತೋರಿಸ್ತಿದೆ. ಬಂಡಲ್ ಹೆಡರ್‌ನಲ್ಲಿ ಏನಾದ್ರೂ ಬಿಟ್ಟುಹೋಗಿರಬಹುದಾ?

ಉತ್ತರ (ತೀರ್ಥಹಳ್ಳಿ): ಬಂಡಲ್ ಮೇಲೆ ಅನುಮಾನ ಬೇಡ ಮಾರಾಯ್ರೆ. ಸ್ಲಿಂಗ್-ಮಾಡೆಲ್-ಪ್ಯಾಕೇಜಸ್ ಹೆಡರ್ ತಪ್ಪಿದ್ರೆ, ಅಥವಾ ಅಡಾಪ್ಟೇಬಲ್ಸ್‌ನಲ್ಲಿ (ಮಾಡೆಲ್ ಯಾವುದರಿಂದ ತುಂಬಬೇಕು ಅನ್ನೋ ಸೂಚನೆ) ರಿಸೋರ್ಸ್ ಬದಲು ರಿಕ್ವೆಸ್ಟ್ ಇದ್ದಿದ್ರೆ, ನಾಲ್ಕಕ್ಕೆ ನಾಲ್ಕೂ ನಲ್ ಆಗ್ತಿತ್ತು. ಎಡವಟ್ಟು ಆ ಎರಡು ನೋಡ್‌ಗಳ ಡೇಟಾದಲ್ಲೇ ಇದೆ.

ಅಡಾಪ್ಟ್‌ಟು ಸೋತಾಗ ನಿಮ್ಮ ಕೋಡ್‌ಗೆ ಸಿಗೋದು ಬರೀ ನಲ್, ಕಾರಣ ಅಲ್ಲ. @ರೆಫರೆನ್ಸ್ ಹಾಕಿ ಮಾಡೆಲ್‌ಫ್ಯಾಕ್ಟರಿ ತಗೊಂಡು ಕ್ರಿಯೇಟ್‌ಮಾಡೆಲ್ ಕರೀರಿ. ಅದು ಮಿಸ್ಸಿಂಗ್‌ಎಲಿಮೆಂಟ್ಸ್‌ಎಕ್ಸೆಪ್ಶನ್ ಎಸೆದು ಯಾವ ಫೀಲ್ಡ್ ಅಂತ ಹೆಸರು ಹಿಡಿದು ಹೇಳುತ್ತೆ. ಹಾಗೇ ನೋಡ್‌ನ ವಿಳಾಸದ ಕೊನೆಗೆ .ಜೇಸನ್ ಸೇರಿಸಿ ಬ್ರೌಸರ್‌ನಲ್ಲಿ ತೆರೆದು, ಕಂಡದ್ದನ್ನ ಇದ್ದ ಹಾಗೇ ಇಲ್ಲಿ ಹಾಕಿ.

ಸಾಗರ: ಸರಕು: "ಕನಿಷ್ಠ": "62,000". ಎಕ್ಸೆಪ್ಶನ್‌ನಲ್ಲೂ ಕನಿಷ್ಠವೇ. ರಾಶಿ: "ಕನಿಷ್ಠ": "52000", ಅದೂ ಕೋಟ್ಸ್ ಒಳಗೇ ಇದೆ. ಗೊರಬಲು ನೋಡ್‌ನಲ್ಲಿ ಹೆಸರು ಮಾತ್ರ ಇದೆ, ದರ ಎರಡೂ ಇಲ್ಲ.

ತೀರ್ಥಹಳ್ಳಿ: ಎರಡರದ್ದೂ ಬೇರೆ ಬೇರೆ ಕಾರಣ. "52000" ಸ್ಟ್ರಿಂಗ್ ಆದ್ರೂ ವ್ಯಾಲ್ಯೂಮ್ಯಾಪ್ ಅದನ್ನ ಲಾಂಗ್ ಮಾಡಿಕೊಡುತ್ತೆ. ಮಧ್ಯೆ ಕಾಮಾ ನುಸುಳಿದ್ರೆ ಆಗಲ್ಲ, ನಲ್ ಬರುತ್ತೆ. ಫೀಲ್ಡ್ ಡಿಫಾಲ್ಟಾಗಿ ಕಡ್ಡಾಯವಾದ್ದರಿಂದ ಅದೊಂದು ಸಿಗದಿದ್ರೆ ಇಡೀ ಮಾಡೆಲ್ ಬಿದ್ದುಹೋಗುತ್ತೆ. ಡೈಲಾಗ್‌ನಲ್ಲಿ (ದರ ತುಂಬೋ ಫಾರ್ಮ್) ಟೆಕ್ಸ್ಟ್‌ಫೀಲ್ಡ್ ತೆಗೆದು ನಂಬರ್‌ಫೀಲ್ಡ್ ಹಾಕಿ; ./ಕನಿಷ್ಠ@ಟೈಪ್‌ಹಿಂಟ್ ಅನ್ನೋ ಹಿಡನ್ ಫೀಲ್ಡ್‌ಗೆ ಲಾಂಗ್ ಅಂತ ಕೊಡಿ. ಗರಿಷ್ಠಕ್ಕೂ ಇದೇ. ಈಗಾಗಲೇ ಸೇವ್ ಆಗಿರೋ ಕಾಮಾ ಇದರಿಂದ ಹೋಗಲ್ಲ, ಆ ನೋಡ್‌ಗಳನ್ನ ತೆರೆದು ಕೈಯಾರೆ ತಿದ್ದಬೇಕು.

ಗೊರಬಲು ಆವಕ ಇಲ್ಲದ ದಿನ ದರದ ಜಾಗ ಖಾಲಿ ಬಿಟ್ಟು ಸೇವ್ ಮಾಡಿರ್ತಾರೆ. ಖಾಲಿ ಬಂದ ಪ್ರಾಪರ್ಟಿಯನ್ನ ಸ್ಲಿಂಗ್ ಪೋಸ್ಟ್ ಸರ್ವ್‌ಲೆಟ್ (ಫಾರ್ಮ್ ಸೇವ್ ಮಾಡೋ ಭಾಗ) ಬರೆಯಲ್ಲ, ಮೊದಲೇ ಇದ್ರೆ ತೆಗೆದುಬಿಡುತ್ತೆ. ದರದ ಎರಡು ಫೀಲ್ಡ್‌ಗೆ ಮಾತ್ರ ಇಂಜೆಕ್ಷನ್‌ಸ್ಟ್ರಾಟಜಿ ಆಪ್ಷನಲ್ (ಸಿಗದಿದ್ರೂ ಪರವಾಗಿಲ್ಲ) ಕೊಡಿ. ಸುಲಭ ಅಂತ ಇಡೀ ಕ್ಲಾಸ್‌ಗೆ ಕೊಟ್ರೆ, ನಾಳೆ ಹೆಸರೇ ಇಲ್ಲದ ಸಾಲೂ ಸದ್ದಿಲ್ಲದೆ ಪುಟಕ್ಕೆ ಬರುತ್ತೆ.

ಇನ್ನೊಂದು ಉತ್ತರ (ಕೊಪ್ಪ): ಟೈಪ್ ಆಬ್ಜೆಕ್ಟ್ ಲಾಂಗೇ (ನಲ್ ಆಗಬಲ್ಲದ್ದು) ಇರಲಿ, ಪ್ರಿಮಿಟಿವ್ (ನಲ್ ಆಗದ್ದು) ಬೇಡ. ಪ್ರಿಮಿಟಿವ್ ಫೀಲ್ಡ್ ಆಪ್ಷನಲ್ ಆದ್ರೆ ಅಲ್ಲಿ ಸೊನ್ನೆ ಕೂರುತ್ತೆ. ಗೊರಬಲು ಕ್ವಿಂಟಲ್‌ಗೆ ₹0 ಅಂತ ಕಂಡ್ರೆ ಬೆಳೆಗಾರರು ಸುಮ್ನಿರ್ತಾರಾ? @ಡಿಫಾಲ್ಟ್‌ನಲ್ಲಿ ಸೊನ್ನೆ ಕೊಟ್ರೂ ಅದೇ ಕತೆ.

ಸಾಗರ: ಸರಕು ಬಂತು. ಗೊರಬಲಿಗೆ ಈಗ ಪೋಸ್ಟ್‌ಕನ್‌ಸ್ಟ್ರಕ್ಟ್‌ಎಕ್ಸೆಪ್ಶನ್. ಇನಿಟ್ ಮೆಥಡ್‌ನಲ್ಲಿ (@ಪೋಸ್ಟ್‌ಕನ್‌ಸ್ಟ್ರಕ್ಟ್ ಇರೋದು, ಫೀಲ್ಡ್ ತುಂಬಿದ ಮೇಲೆ ಓಡುತ್ತೆ) ಒಂದೇ ಸಾಲು: ಅಂತರ = ಗರಿಷ್ಠ - ಕನಿಷ್ಠ.

ತೀರ್ಥಹಳ್ಳಿ: ಆ ಸಾಲೇ. ನಲ್ ಆಗಿರೋ ಲಾಂಗನ್ನ ಕಳೆಯೋಕೆ ಹೋದ್ರೆ ಅನ್‌ಬಾಕ್ಸಿಂಗ್‌ನಲ್ಲೇ (ಆಬ್ಜೆಕ್ಟಿಂದ ಸಂಖ್ಯೆ ತೆಗೆಯುವಾಗಲೇ) ನಲ್‌ಪಾಯಿಂಟರ್ ಎಕ್ಸೆಪ್ಶನ್ ಬರುತ್ತೆ, @ಪೋಸ್ಟ್‌ಕನ್‌ಸ್ಟ್ರಕ್ಟ್ ಒಳಗೆ ಎಕ್ಸೆಪ್ಶನ್ ಎದ್ರೆ ಮಾಡೆಲ್ ಸಿಗಲ್ಲ. ಎರಡೂ ದರ ಇದ್ದಾಗ ಮಾತ್ರ ಕಳೀರಿ. ಅಂತರವೂ ಆಬ್ಜೆಕ್ಟ್ ಲಾಂಗ್ ಆಗಿರಲಿ. ಅದು ನಲ್ ಇದ್ರೆ ಪುಟದಲ್ಲಿ 'ಆವಕ ಇಲ್ಲ' ಅಂತ ಹಾಕಿ.